ನಫೀಸತ್ ಕೇಳಿದ್ದಕ್ಕೆ

ನೀನು ಕೇಳಿದ್ದು ನೆಟ್ಟಗೆ:
'ಅಕ್ಕಾ, ಎಂ.ಎಸ್.ಡಬ್ಲ್ಯು. ಮುಗಿಯಿತು,
ಮಸ್ಕತ್ತಿನಲ್ಲಿ ನಮಗೆ ಸ್ಕೋಪ್ ಇದೆಯಾ?'
ನಿನ್ನ ದನಿಯ ಹಿಂದೆ ಉಪ್ಪಿನಂಗಡಿಯ ಬಸ್ಸೊಂದು ಹಾರ್ನ್ ಹೊಡೆಯಿತು.
ಅದಕ್ಕಾಗಿಯೇ ಇನ್ನೊಂದು ಸಲ ಕೇಳಿಸಿಕೊಂಡೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ.
ನನ್ನ ರೆಸಿಡೆಂಟ್ ಕಾರ್ಡಿನಲ್ಲಿ ಉದ್ಯೋಗ: ಕ್ಲರ್ಕ್.
ನಮ್ಮ ಹುದ್ದೆಗೆ ವೀಸಾ ಸಿಗಲಿಲ್ಲ ಎಂದರು ಎಚ್.ಆರ್.ನವರು,
ಕ್ಲರ್ಕಿನದೊಂದು ಖಾಲಿಯಿತ್ತು, ಅದರೊಳಗೆ ತೂರಿಸಿದರು,
ಸೀರೆ ಅಂಗಡಿಯ ಚೀಲದಲ್ಲಿ ಮೀನು ತಂದ ಹಾಗೆ.

ರುವಿಯ ಆಸ್ಪತ್ರೆ, ಎರಡನೇ ಮಹಡಿ,
ಬಿಲ್ಲಿಂಗ್ ಕೌಂಟರಿಗೂ ಪ್ರಾರ್ಥನೆಯ ಕೋಣೆಗೂ ನಡುವೆ ನನ್ನ ಮೇಜು.
ಅಲ್ಲಿಗೆ ಹೊರಟವರು, ಇಲ್ಲಿಗೆ ಹೊರಟವರು
ಕಣ್ಣು ಮಂಜಾಗಿ ನನ್ನೆದುರು ಬಂದು ಕೂರುತ್ತಾರೆ.

ನಿನ್ನ ಬಯೋಡೇಟಾ ನೋಡಿದೆ.
'ತಿಳಿದಿರುವ ಭಾಷೆಗಳು' ಕಟ್ಟಕಡೆಗಿದೆ,
ಹವ್ಯಾಸಗಳಿಗಿಂತ ಒಂದೇ ಸಾಲು ಮೇಲೆ.
ಇಲ್ಲಿ ನನ್ನ ಸಂದರ್ಶನ ಮಾಡಿದ ಸುಡಾನಿನ ಮೇಡಂ
ಪದವಿಯ ಪುಟ ಮಗುಚಿ ನೇರ ಅಲ್ಲಿ ಬೆರಳಿಟ್ಟರು:
ಕೊಂಕಣಿ, ತುಳು, ಕನ್ನಡ, ಮಲಯಾಳ, ಹಿಂದಿ.
'ಇಷ್ಟೂ ನಿಜವಾ?'
ಬ್ಯಾರಿ ಅರ್ಧ ಬರುತ್ತದೆ ಅಂದೆ.
ನಿನ್ನ ಅಕ್ಕ ಝುಬೈದಾಳ ಜೊತೆ
ಹಾಸ್ಟೆಲ್ಲಿನಲ್ಲಿ ಜಗಳವಾಡಿ ಕಲಿತದ್ದು.

ಮೊನ್ನೆ, ಹದಿನಾಲ್ಕನೇ ಹಾಸಿಗೆ.
ಅಟ್ಟಣಿಗೆಯಿಂದ ಬಿದ್ದವನು, ಎಂಟು ದಿನ ಮಾತಿಲ್ಲ.
ಫೈಲಿನಲ್ಲಿ 'ಭಾಷೆ: ಗೊತ್ತಿಲ್ಲ'.
ನರರೋಗದ ಡಾಕ್ಟರು ಬಂದು ಕಣ್ಣಿಗೆ ಬೆಳಕು ಬಿಟ್ಟು ಹೋದರು.
ಕಂಪನಿಯ ಪಿ.ಆರ್.ಒ. ಬಂದು
ಎರಡು ಪುಟ ಅರಬಿ, ಒಂದು ಇಂಕ್ ಪ್ಯಾಡ್ ಇಟ್ಟು ಹೋದ.
ನಾನು ಹೋದಾಗ ತಟ್ಟೆಯಲ್ಲಿ ಕುಬ್ಬೂಸ್ ಒಣಗಿತ್ತು,
ಮುಂಗೈಯ ಹಚ್ಚೆಯಲ್ಲೊಂದು ಅಕ್ಷರ,
ತಲಕಟ್ಟು ನಮ್ಮದೇ ಅನ್ನಿಸಿತು.
'ಊಟ ಆಯ್ತಾ?'

'ಉಣ್ಣಾಕ ಏನೈತ್ರೀ ಅಕ್ಕಾರ ಇಲ್ಲಿ?
ರೊಟ್ಟಿ ಅನ್ನಂಗಿಲ್ಲ, ಅರಿವಿ ಅನ್ನಂಗಿಲ್ಲ.'

ಪವಾಡವೇನಲ್ಲ.
ಸಾಬಣ್ಣ, ಯಾದಗಿರಿ ಕಡೆಯವನು,
ಹಿಂದಿಯೂ ಬರುತ್ತಿತ್ತಂತೆ.
ಬಾಯಿ ಬಿಟ್ಟರೆ ಹೆಬ್ಬೆಟ್ಟು ಕೇಳುತ್ತಾರೆಂದು
ಎಂಟು ದಿನ ಮೂಗನಾಗಿದ್ದ.

ನರ್ಸ್ ಹೊರಗಿದ್ದಳು. ಕೇಳಿದವಳು ನಾನೊಬ್ಬಳೇ.
ಎಲ್ಲವನ್ನೂ ದಾಖಲಿಸಬೇಕು ಎನ್ನುತ್ತಿದ್ದರು ನಮ್ಮ ಸಿಸ್ಟರ್.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.
ಆ ಕಾಗದವನ್ನು ರಿಸೆಪ್ಷನ್ನಿನ ಬಸ್ಮಾ ಓದಿ ಹೇಳಿದಳು:
ಬಿದ್ದದ್ದು ಅವನದೇ ತಪ್ಪಿನಿಂದ, ಕಂಪನಿಯ ಮೇಲೆ ದೂರಿಲ್ಲ.
ಕೊನೆಗೆ ಬರೆದೆ: 'ಭಾಷೆ: ಕನ್ನಡ.
ಕನ್ನಡದಲ್ಲಿ ಓದಿ ಹೇಳುವ ತನಕ ಯಾವುದಕ್ಕೂ ಸಹಿ ಇಲ್ಲ.'
ಇಂಕ್ ಪ್ಯಾಡ್ ನನ್ನ ಡ್ರಾಯರಿನಲ್ಲಿದೆ,
ಅದನ್ನು ದಾಖಲಿಸಿಲ್ಲ.

ಊರಿಗೆ ಫೋನ್ ಮಾಡಲಾ ಅಂದರೆ
ಸಾಬಣ್ಣ ಕೊತ್ತಂಬರಿ ನೋಡಿ ಬನ್ನಿ ಅಂದ.
ಘಾಲಾದ ಕ್ಯಾಂಪಿನ ಹಿಂದೆ, ಪೇಂಟಿನ ಡಬ್ಬಿಯಲ್ಲಿ,
ಏಸಿ ತೊಟ್ಟಿಕ್ಕುವ ಕಡೆ ಬಿತ್ತಿದ್ದನಂತೆ.
ಶುಕ್ರವಾರ ಹೋದೆ, ನಲವತ್ತಾರು ಡಿಗ್ರಿ.
ಅರ್ಧವನ್ನು ರೂಮಿನವರು ಸಾರಿಗೆ ಹಾಕಿದ್ದರು.
ಉಳಿದದ್ದನ್ನು ಒದ್ದೆ ಟಿಶ್ಯೂವಿನಲ್ಲಿ ಸುತ್ತಿ ತಂದೆ.
ಟ್ಯಾಕ್ಸಿಗೆ ಮೂರು ರಿಯಾಲ್.
ಬಿಲ್ ಮರಳಿ ಬಂತು: ಕ್ಲರ್ಕುಗಳಿಗೆ ಕ್ಷೇತ್ರಕಾರ್ಯ ಇಲ್ಲ.

ಸ್ಕೋಪ್ ತಾನೆ ಕೇಳಿದ್ದು ನೀನು?
ಪೋಸ್ಟ್ ಎರಡು. ಒಂದರಲ್ಲಿ ನಾನಿದ್ದೇನೆ.
ಇನ್ನೊಂದು ಮಂಜೂರಾಗಿಲ್ಲ,
ಆದರೆ ಮೇಡಂ ಎರಡನೇ ಕುರ್ಚಿ ತರಿಸಿಟ್ಟಿದ್ದಾರೆ,
ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ.
ಸರ್ಟಿಫಿಕೇಟು ಅಟೆಸ್ಟೇಶನ್ನಿಗೆ ಈಗಲೇ ಕೊಡು, ತಿಂಗಳುಗಟ್ಟಲೆ ಹಿಡಿಯುತ್ತದೆ.
ಸಂಬಳ ಝುಬೈದಾಳನ್ನು ಕೇಳು,
ನಿನಗೆ ಹೇಳಲು ನಾಚಿಕೆ.
ಸ್ವಂತ ನಂಬರ್ ಯಾರಿಗೂ ಕೊಡಬೇಡಿ ಎಂದು ಕಲಿಸಿದ್ದಾರಲ್ಲ,
ನಾನು ಕೊಟ್ಟಿದ್ದೇನೆ. ರಾತ್ರಿ ಎರಡಕ್ಕೂ ಬಡಿದುಕೊಳ್ಳುತ್ತದೆ.

ಹಾಂ, ಮರೆತೆ.
ಇವತ್ತು ಒಂಬತ್ತನೇ ಹಾಸಿಗೆಗೆ ಒಬ್ಬಳು ಬಂದಿದ್ದಾಳೆ, ಮನೆಗೆಲಸದವಳು.
ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಯ ಮೂಗು ಹಾಗೇ ಮೂಡಿದೆ.
ಗೋಡೆಯ ಕಡೆ ತಿರುಗಿ ಒಂದೇ ಸಮ ಏನೋ ಹೇಳುತ್ತಾಳೆ.
ತೆಲುಗು ಇರಬೇಕು.
ನಿನಗೆ ತೆಲುಗು ಬರುತ್ತದಾ?